ದುರ್ಗದ ಸೀಮೆಯ ಹಳೆಯ ಗಣಿಗಳು ಮತ್ತು ನಾವು ಕುಡಿಯುವ ನೀರು



ಚಿತ್ರದುರ್ಗದ ಚರಿತ್ರೆ ಎಂದೊಡನೆ ನಮ್ಮೆಲ್ಲರ ಮನಸ್ಸಿಗೆ ಬರುವುದು ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ ಓಬವ್ವ, 1779ರಲ್ಲಿ ಕೋಟೆ ಹೈದರಾಲಿಯ ವಶವಾದ ಪ್ರಸಂಗ. ಪಠ್ಯಪುಸ್ತಕಗಳಲ್ಲಿ ಓದಿದ್ದೂ ಅಷ್ಟೇ, ವೇದಿಕೆಗಳ ಭಾಷಣಗಳಲ್ಲಿ ಕೇಳಿದ್ದೂ ಅಷ್ಟೇ. ಆದರೆ ಈ ಸೀಮೆಯ ನೆಲದೊಳಗೆ ಇನ್ನೊಂದು ಚರಿತ್ರೆ ಇದೆ. ಅದು ತಾಮ್ರ, ಕಬ್ಬಿಣ, ಮ್ಯಾಂಗನೀಸ್, ಚಿನ್ನದ ಚರಿತ್ರೆ. ಲೋಹವನ್ನು ಅಗೆದು ತೆಗೆದವರ ಕಥೆ ಅಲ್ಪಸ್ವಲ್ಪವಾದರೂ ಕಾಗದದ ಮೇಲೆ ಬಂದಿದೆ. ಅಗೆದ ಗುಂಡಿಯ ಮಗ್ಗುಲಲ್ಲಿ ಬಾವಿ ತೋಡಿ ನೀರು ಕುಡಿದವರ ಕಥೆಯನ್ನು ಬರೆದವರು ಕಡಿಮೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳು ಈ ಎರಡನೆಯ ಕಥೆಯನ್ನೂ ತಿಳಿದಿರಬೇಕೆಂಬ ಆಸೆಯಿಂದ ಈ ಲೇಖನ.

ಮೊದಲು ಚಂದ್ರವಳ್ಳಿಯಿಂದ ಆರಂಭಿಸೋಣ. ನೀವು ಕಾಲೇಜು ಗೆಳೆಯರೊಡನೆ ಹೋಗಿ ಫೋಟೊ ತೆಗೆಸಿಕೊಂಡು ಬಂದಿರಬಹುದು. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು 1920ರ ದಶಕದ ಕೊನೆಯಲ್ಲಿ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದರು. ಅಲ್ಲಿ ಸಿಕ್ಕ ವಸ್ತುಗಳಲ್ಲಿ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳಿದ್ದವು. ಶಾತವಾಹನರ ಕಾಲದ ಸೀಸದ ನಾಣ್ಯಗಳೂ ಇದ್ದವು. ಹೌದು, ಸೀಸದ ನಾಣ್ಯಗಳೇ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಇಲ್ಲಿನ ಸಂತೆಯಲ್ಲಿ ಜನ ಸೀಸವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅದೇ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನ ಸಿಕ್ಕಿದೆ. ಅದು ಹೇಳುವುದು ಯುದ್ಧದ ವಿಷಯವಾಗಿ ಮಾತ್ರವಲ್ಲ. ಅವನು ಕಟ್ಟಿಸಿದ ಕೆರೆಯ ವಿಷಯವನ್ನೂ ಹೇಳುತ್ತದೆ. ಒಂದೇ ಕಣಿವೆಯಲ್ಲಿ ಲೋಹದ ಗುರುತೂ ಸಿಕ್ಕಿತು, ನೀರಿನ ಗುರುತೂ ಸಿಕ್ಕಿತು. ಈ ಸೀಮೆಯ ಇಡೀ ಚರಿತ್ರೆಯಲ್ಲಿ ಇವೆರಡೂ ಜೊತೆಜೊತೆಯಾಗಿಯೇ ಸಾಗಿ ಬಂದಿವೆ.

ನೆಲದ ಗುಣ

ಗದಗದ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ ಉದ್ದಕ್ಕೆ ಚಾಚಿಕೊಂಡಿರುವ ಹಸಿರುಗಪ್ಪು ಶಿಲೆಗಳ ಪಟ್ಟಿಯೊಂದಿದೆ. ಭೂವಿಜ್ಞಾನಿಗಳು ಅದಕ್ಕೆ ನಮ್ಮ ಊರಿನ ಹೆಸರನ್ನೇ ಕೊಟ್ಟು ಚಿತ್ರದುರ್ಗ ಶಿಲಾಪಟ್ಟಿ ಎನ್ನುತ್ತಾರೆ. ಇದರ ವಯಸ್ಸು 260 ಕೋಟಿ ವರ್ಷಗಳಿಗೂ ಹೆಚ್ಚು. ಚಿತ್ರದುರ್ಗದಿಂದ ಆಗ್ನೇಯಕ್ಕೆ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳಿವೆ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರು ತಾಗಿ ಥಟ್ಟನೆ ತಣಿದು ಆದ ಆಕಾರ ಅದು. ಸರ್ಕಾರ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಮಳೆ ಕಾಣದ ಈ ಬಯಲುಸೀಮೆ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತೆಂದರೆ ನಂಬುವುದು ಕಷ್ಟ, ಆದರೆ ಕಲ್ಲು ಸುಳ್ಳು ಹೇಳುವುದಿಲ್ಲ.

ಇಂಥ ಶಿಲೆಗಳಲ್ಲಿ ತಾಮ್ರ, ಸತು, ಸೀಸ, ಆರ್ಸೆನಿಕ್ ಮೊದಲಾದವು ಬಿಡಿಯಾಗಿ ಇರುವುದಿಲ್ಲ. ಗಂಧಕದೊಡನೆ ಸೇರಿಕೊಂಡಿರುತ್ತವೆ. ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟ್ ಎಂಬ ಕಲ್ಲು ಹಳದಿಯಾಗಿ ಫಳಫಳ ಹೊಳೆಯುತ್ತದೆ. ಚಿನ್ನವೆಂದು ಮೋಸ ಹೋದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಈ ಕಲ್ಲುಗಳು ನೆಲದಾಳದಲ್ಲಿ ಗಾಳಿ ಸೋಕದೆ ಇರುವಷ್ಟು ಕಾಲ ಯಾರಿಗೂ ಏನೂ ಮಾಡುವುದಿಲ್ಲ. ಕೋಟ್ಯಂತರ ವರ್ಷ ಹಾಗೆಯೇ ಮಲಗಿದ್ದವು. ಮನುಷ್ಯ ಗುಂಡಿ ತೋಡಿ, ಕಲ್ಲನ್ನು ಮೇಲೆ ತಂದು, ಪುಡಿ ಮಾಡಿ ಗಾಳಿಗೂ ಮಳೆಗೂ ಒಡ್ಡಿದ ಮೇಲೆ ಕೆಲಸ ಶುರುವಾಗುತ್ತದೆ. ಗಂಧಕವು ಗಾಳಿ ನೀರುಗಳೊಡನೆ ಸೇರಿ ಗಂಧಕಾಮ್ಲವಾಗುತ್ತದೆ. ಈ ಕೆಲಸವನ್ನು ಅನೇಕ ಪಟ್ಟು ಚುರುಕುಗೊಳಿಸುವ ಸೂಕ್ಷ್ಮಜೀವಿಯೊಂದನ್ನು ಅಮೆರಿಕದ ಕಲ್ಲಿದ್ದಲು ಗಣಿಗಳ ನೀರಿನಲ್ಲಿ ವಿಜ್ಞಾನಿಗಳು 1947ರಲ್ಲಿ ಗುರುತಿಸಿದರು. ಆಮ್ಲ ಹುಟ್ಟಿದ ಮೇಲೆ ಅದು ಸುತ್ತಲಿನ ಕಲ್ಲಿನಿಂದ ತಾಮ್ರ, ಸತು, ಕ್ಯಾಡ್ಮಿಯಂಗಳನ್ನು ಕರಗಿಸಿಕೊಂಡು ನೀರಿನ ಜೊತೆ ಇಳಿಯುತ್ತದೆ.

ಇದು ಕಷ್ಟದ ರಸಾಯನಶಾಸ್ತ್ರವೆಂದು ವಿದ್ಯಾರ್ಥಿಗಳು ಹೆದರಬೇಕಾಗಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಇದು ಗೊತ್ತು. ಮದುವೆ ಮನೆಗೆ ತಾಮ್ರದ ದೇಗ್ ತರುವ ಮೊದಲು ಒಳಗೆ ಕಲಾಯಿ ಸರಿಯಾಗಿದೆಯೇ ಎಂದು ನಮ್ಮ ಬಾವರ್ಚಿಗಳು ನೋಡುವುದು ಏಕೆ? ಕಲಾಯಿ ಕಿತ್ತುಹೋದ ಪಾತ್ರೆಯಲ್ಲಿ ಮೊಸರು, ನಿಂಬೆ, ಹುಣಸೆ ಬಿದ್ದರೆ ಅಡುಗೆ ಕಿಲುಬು ಹಿಡಿದು ತಿಂದವರಿಗೆ ವಾಂತಿಯಾಗುತ್ತದೆ. ಹುಳಿ ಲೋಹವನ್ನು ಕರಗಿಸುತ್ತದೆ, ಕರಗಿದ ಲೋಹ ಹೊಟ್ಟೆಗೆ ಹೋಗುತ್ತದೆ. ಬೀದಿ ಬೀದಿ ಸುತ್ತಿ ಕಲಾಯಿ ಹಾಕುತ್ತಿದ್ದವರು ಯಾವ ಕಾಲೇಜಿಗೂ ಹೋದವರಲ್ಲ. ಪಾತ್ರೆಗೆ ಕಲಾಯಿ ಹಾಕಿ ನಮ್ಮ ಹೊಟ್ಟೆ ಕಾಯ್ದವರು ಅವರು. ಬೆಟ್ಟಕ್ಕೆ ಕಲಾಯಿ ಹಾಕುವವರು ಯಾರೂ ಇಲ್ಲ ಎಂಬುದೇ ಈ ಲೇಖನದ ವಿಷಯ.

ಅಗೆದವರು

ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ, ಸುವರ್ಣಗಿರಿ ಎಂಬ ಸ್ಥಳದಲ್ಲಿದ್ದ ಆರ್ಯಪುತ್ರನು ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ. ಸುವರ್ಣಗಿರಿ ಎಂಬ ಹೆಸರೇ ಸಾಕು, ಈ ನಾಡಿನ ಲೋಹದ ಆಸೆ ಎಷ್ಟು ಹಳೆಯದೆಂದು ತಿಳಿಯಲು. ಕಬ್ಬಿಣವಂತೂ ಹಳ್ಳಿಹಳ್ಳಿಯ ಕಸುಬಾಗಿತ್ತು. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹಿರಿಯೂರು, ಚಿತ್ರದುರ್ಗಗಳನ್ನೂ ಹಾದುಹೋದ. ಕಬ್ಬಿಣ ಕರಗಿಸುವ ಕುಲುಮೆ, ತಿದಿ, ಇದ್ದಿಲು, ಕೂಲಿಯ ಲೆಕ್ಕವನ್ನು ಅವನಷ್ಟು ವಿವರವಾಗಿ ಆ ಕಾಲದಲ್ಲಿ ಬರೆದವರು ವಿರಳ. ಕಂಪನಿ ಸರ್ಕಾರಕ್ಕೆ ಬೇಕಾಗಿದ್ದದ್ದು ಗೆದ್ದ ದೇಶದ ಆಸ್ತಿಪಟ್ಟಿ. ಆದರೂ ಅವನ ಪುಸ್ತಕದಿಂದ ನಮಗೆ ಉಪಕಾರವೇ ಆಗಿದೆ. ಇಂದಿಗೂ ಕೆಲವು ಹೊಲಗಳಲ್ಲಿ ನೇಗಿಲಿಗೆ ಸಿಗುವ ಕಪ್ಪು ಕಿಟ್ಟ ಆ ಕುಲುಮೆಗಳ ಉಳಿಕೆ.

ಆ ಕಾಲದ ಗಣಿಗಳು ಸಣ್ಣವು. ಕೈಯಿಂದ ಅಗೆಯುವ ಗುಂಡಿ, ನೀರು ಬಂದರೆ ಬಿಟ್ಟುಬಿಡುವ ಪದ್ಧತಿ. ಹಾನಿ ಇದ್ದರೂ ಒಂದು ಹಳ್ಳಕ್ಕೆ ಸೀಮಿತವಾಗಿದ್ದಿತು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿ ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಕರೆತಂದ ಮೇಲೆ ಬೆಟ್ಟಗಳ ವ್ಯವಸ್ಥಿತ ಪರಿಶೀಲನೆ ಆರಂಭವಾಯಿತು. 1916ರಲ್ಲಿ ಸ್ಮೀತ್ ಮತ್ತು ಸಂಪತ್ ಅಯ್ಯಂಗಾರ್ ಅವರು ಮೈಸೂರಿನ ಖನಿಜ ಸಂಪತ್ತಿನ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದರು. ಹೊಸದುರ್ಗ, ಹೊಳಲ್ಕೆರೆ ಕಡೆಯ ಬೆಟ್ಟಸಾಲುಗಳ ಕಬ್ಬಿಣ, ಮ್ಯಾಂಗನೀಸ್ ಅದಿರುಗಳು ಹಡಗಿನ ದಾರಿ ಹಿಡಿದದ್ದು ಇಪ್ಪತ್ತನೆಯ ಶತಮಾನದಲ್ಲಿ.

ತಾಮ್ರದ ಕಥೆ ಇಂಗಳದಾಳ್‌ನದು. ಚಿತ್ರದುರ್ಗ ಪಟ್ಟಣದ ಆಗ್ನೇಯ ದಿಕ್ಕಿನ ಗುಡ್ಡಗಳಲ್ಲಿ ಪ್ರಾಚೀನರು ತೋಡಿದ ಗುಂಡಿಗಳ ಗುರುತುಗಳಿದ್ದವು. ಆಧುನಿಕ ತಜ್ಞರಿಗೆ ದಾರಿ ತೋರಿಸಿದ್ದು ಅವೇ. ಸ್ವಾತಂತ್ರ್ಯದ ನಂತರ ಅಲ್ಲಿ ಆಳವಾಗಿ ಕೊರೆದು ನೋಡಿ ತಾಮ್ರದ ಗಣಿ ತೆರೆದರು. ನೆಲದೊಳಗಿನ ಸುರಂಗಗಳು, ಅದಿರು ಅರೆದು ತೇಲಿಸಿ ತಾಮ್ರದ ಅಂಶವನ್ನು ಬೇರ್ಪಡಿಸುವ ಕಾರ್ಖಾನೆ, ಕಾರ್ಮಿಕರ ಕಾಲೊನಿ, ಎಲ್ಲವೂ ಬಂದವು. ಕೊನೆಗೆ ಅದು ರಾಜ್ಯ ಸರ್ಕಾರದ ಹಟ್ಟಿ ಚಿನ್ನದ ಗಣಿ ಕಂಪನಿಯ ಚಿತ್ರದುರ್ಗ ಘಟಕವಾಯಿತು. ದುರ್ಗದ ಎಷ್ಟೋ ಕುಟುಂಬಗಳು ಆ ಗಣಿಯ ಸಂಬಳದಿಂದ ಮಕ್ಕಳನ್ನು ಓದಿಸಿವೆ. ಅದನ್ನು ಮರೆತು ಗಣಿ ಎಂದರೆ ಬರೀ ಪಾಪ ಎಂದು ಬರೆಯುವುದು ಅನ್ಯಾಯವಾದೀತು. ಈಗ ಅಲ್ಲಿ ತಾಮ್ರ ತೆಗೆಯುವುದು ನಿಂತಿದೆ.

ಇಂಥ ಗಣಿಗಳಲ್ಲಿ ಅದಿರಿನೊಳಗೆ ತಾಮ್ರದ ಪಾಲು ಶೇಕಡಾ ಒಂದರ ಆಸುಪಾಸಿನಲ್ಲಿರುತ್ತದೆ. ಎಂದರೆ ನೂರು ಟನ್ ಕಲ್ಲು ಅರೆದರೆ ಬಹುಪಾಲು ಹಿಟ್ಟಿನಂಥ ಪುಡಿಯಾಗಿ ಅಲ್ಲೇ ಉಳಿಯುತ್ತದೆ. ಇಡಿಯ ಕಲ್ಲಿಗಿಂತ ಹಿಟ್ಟು ಬೇಗ ನೀರಿಗೆ ಬಿಟ್ಟುಕೊಡುತ್ತದೆ. ಸಕ್ಕರೆ ಗಡ್ಡೆಗೂ ಪುಡಿ ಸಕ್ಕರೆಗೂ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇದೆ. ಅದಲ್ಲದೆ ಗಣಿ ನಡೆಯುವಾಗ ಪಂಪುಗಳು ಹಗಲಿರುಳು ನೀರನ್ನು ಹೊರಗೆ ಹಾಕುತ್ತಿರುತ್ತವೆ. ಗಣಿ ಮುಚ್ಚಿದ ದಿನ ಪಂಪು ನಿಲ್ಲುತ್ತದೆ, ನೀರು ಮೆಲ್ಲಗೆ ಸುರಂಗಗಳನ್ನು ತುಂಬುತ್ತದೆ. ಆದ್ದರಿಂದಲೇ ಮುಚ್ಚಿದ ಗಣಿ ಸತ್ತ ಗಣಿಯಲ್ಲ. ಸ್ಪೇನ್ ದೇಶದ ಆಂದಲೂಸಿಯಾದಲ್ಲಿ ರಿಯೊ ಟಿಂಟೊ ಎಂಬ ನದಿ ಇದೆ. ರೋಮನ್ನರಿಗಿಂತ ಮೊದಲೇ ಅಲ್ಲಿ ಗಣಿಗಾರಿಕೆ ಇತ್ತು. ಅದರ ನೀರು ಇಂದಿಗೂ ಕೆಂಪಾಗಿ, ಹುಳಿಯಾಗಿ ಹರಿಯುತ್ತಿದೆ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ನಮ್ಮ ಶಿಲಾಪಟ್ಟಿಯ ಕಲ್ಲುಗಳಲ್ಲಿ ಸುಣ್ಣದ ಅಂಶವೂ ಇದೆ, ಅದು ಆಮ್ಲವನ್ನು ಶಮನಗೊಳಿಸುತ್ತದೆ. ಹಾಗಾಗಿ ರಿಯೊ ಟಿಂಟೊದಂಥ ಕೆಂಪು ಹೊಳೆ ನಮ್ಮಲ್ಲಿ ಹರಿಯುತ್ತಿಲ್ಲ. ಆದರೆ ಆಮ್ಲ ಶಮನವಾದರೂ ಆರ್ಸೆನಿಕ್ ನೀರಿನಲ್ಲೇ ಉಳಿಯಬಲ್ಲದು. ತಾಮ್ರ, ಸೀಸ ತಳಕ್ಕಿಳಿದರೂ ಅದು ಇಳಿಯದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೋಡಲು ತಿಳಿಯಾದ ನೀರನ್ನು ಒಳ್ಳೆಯ ನೀರೆಂದು ನಂಬುವುದು ನಮ್ಮ ಹಳೆಯ ಅಭ್ಯಾಸ.

ಕಿರದಳ್ಳಿ ತಾಂಡಾ

ಇದೆಲ್ಲ ಪುಸ್ತಕದ ಮಾತು ಎನ್ನುವವರಿಗೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಹಳ್ಳಿ ಇದೆ. ಕಡಲತೀರದ ಮಂಗಳೂರಲ್ಲ. ಅದರ ಹೆಸರಿನ ಶಿಲಾಪಟ್ಟಿಯಲ್ಲಿ ಹಿಂದೆ ಚಿನ್ನ ತೆಗೆಯುತ್ತಿದ್ದರು. ನಮ್ಮ ಚಿತ್ರದುರ್ಗದ ಪಟ್ಟಿಯಂತೆಯೇ ಅದೂ ಹಸಿರು ಶಿಲೆಯ ಪಟ್ಟಿ. ಗಣಿ ಹೋಯಿತು, ಗಣಿಯ ಪುಡಿ ಉಳಿಯಿತು, ಪಕ್ಕದಲ್ಲಿ ಕಿರದಳ್ಳಿ ತಾಂಡಾ ಎಂಬ ಲಂಬಾಣಿ ಜನರ ಊರೂ ಉಳಿಯಿತು.

ಆ ಊರಿನವರ ಅಂಗೈ ಅಂಗಾಲುಗಳಲ್ಲಿ ಗಂಟುಗಂಟಾದ ಒರಟು ಚರ್ಮ, ಎದೆ ಬೆನ್ನಿನ ಮೇಲೆ ಮಳೆಹನಿ ಸಿಡಿದಂಥ ಕಪ್ಪು ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ಕೊಲ್ಕತ್ತೆಯ ಜಾದವ್‌ಪುರ ವಿಶ್ವವಿದ್ಯಾಲಯದ ಡಾ. ದೀಪಂಕರ್ ಚಕ್ರವರ್ತಿ, ಬಂಗಾಳದ ಹಳ್ಳಿಗಳಲ್ಲಿ ಆರ್ಸೆನಿಕ್ ಹಿಂದೆ ಬಿದ್ದು ಆಯುಷ್ಯ ಸವೆಸಿದವರು, ತಮ್ಮ ಸಂಗಡಿಗರೊಡನೆ ಇಲ್ಲಿಯೂ ಪರೀಕ್ಷೆ ನಡೆಸಿದರು. 2013ರಲ್ಲಿ ಪ್ರಕಟವಾದ ಆ ವರದಿಯ ಅಂಕಿಗಳನ್ನು ನಿಧಾನವಾಗಿ ಓದಿ. 59 ಕೊಳವೆ ಬಾವಿಗಳ ನೀರಿನಲ್ಲಿ ಶೇಕಡಾ 79ರಷ್ಟರಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು. ಮಿತಿ ಎಂದರೆ ಪ್ರತಿ ಲೀಟರಿಗೆ 10 ಮೈಕ್ರೊಗ್ರಾಂ. ಅಲ್ಲಿ ಸಿಕ್ಕ ಗರಿಷ್ಠ ಪ್ರಮಾಣ 303. ಎಂದರೆ ಮೂವತ್ತು ಪಟ್ಟು. ಪರೀಕ್ಷಿಸಿದ 171 ಜನರ ಕೂದಲು ಉಗುರುಗಳಲ್ಲಿ, ಒಬ್ಬರನ್ನೂ ಬಿಡದೆ, ಆರ್ಸೆನಿಕ್ ಹೆಚ್ಚಾಗಿತ್ತು. ತಪಾಸಣೆಗೆ ಬಂದ 181 ಜನರಲ್ಲಿ ಶೇಕಡಾ 58.6ರಷ್ಟು ಮಂದಿಗೆ ಚರ್ಮದ ಲಕ್ಷಣಗಳು ಕಂಡವು. ಮನೆಗಳ ಸುತ್ತಲಿನ ಮೇಲ್ಮಣ್ಣಿನ 12 ಮಾದರಿಗಳ ಪೈಕಿ ಆರರಲ್ಲಿ ಕಿಲೊಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇತ್ತು. ಮಕ್ಕಳು ಆಡುವ ಮಣ್ಣು ಅದು. ಕುಡಿದ ನೀರೇ ಮುಖ್ಯ ಕಾರಣವಿರಬೇಕೆಂದೂ, ಮಣ್ಣಿನ ಪಾಲೂ ಇರಬಹುದೆಂದೂ ವರದಿ ಹೇಳಿತು. ಕಲ್ಲಿನದೆಷ್ಟು ಪಾಲು, ಗಣಿಯದೆಷ್ಟು ಪಾಲು ಎಂಬುದನ್ನು ಮುಂದಿನ ಅಧ್ಯಯನಗಳಿಗೆ ಬಿಟ್ಟಿತು.

ಈ ಕೊನೆಯ ವಾಕ್ಯದ ಮೇಲೆ ಸ್ವಲ್ಪ ನಿಲ್ಲೋಣ. ಎಲ್ಲಿ ನೀರಿನಲ್ಲಿ ಲೋಹ ಸಿಕ್ಕರೂ ಕೇಳಿಬರುವ ಮೊದಲ ಮಾತು, ಇದು ಪ್ರಕೃತಿ ಸಹಜ, ಕಲ್ಲಿನಿಂದ ಬಂದದ್ದು ಎಂಬುದು. ಹಲವು ಬಾರಿ ಅದು ನಿಜವೂ ಹೌದು. ಪಶ್ಚಿಮ ಬಂಗಾಳದಲ್ಲಿ 1983ರಲ್ಲಿ, ಬಾಂಗ್ಲಾದೇಶದಲ್ಲಿ 1993ರಲ್ಲಿ ಪತ್ತೆಯಾದ ಆರ್ಸೆನಿಕ್ ಯಾವ ಗಣಿಯದೂ ಅಲ್ಲ, ನದಿ ತಂದ ಮೆಕ್ಕಲು ಮಣ್ಣಿನದು. ಕೆರೆಯ ನೀರಿನಿಂದ ಕಾಲರಾ, ಭೇದಿ ಬರುತ್ತದೆಂದು ಲಕ್ಷಗಟ್ಟಲೆ ಕೊಳವೆ ಬಾವಿ ಹಾಕಿಸಿದರು. ರೋಗಾಣು ತಪ್ಪಿತು, ವಿಷ ಬಂತು. ಒಳ್ಳೆಯ ಉದ್ದೇಶದಿಂದಲೇ ಆದದ್ದು. ಆದರೆ ಕುಡಿಯುವವನ ಮೂತ್ರಪಿಂಡಕ್ಕೆ ಪ್ರಕೃತಿಯ ಆರ್ಸೆನಿಕ್, ಕಂಪನಿಯ ಆರ್ಸೆನಿಕ್ ಎಂಬ ಭೇದ ತಿಳಿಯುವುದಿಲ್ಲ. ಪರಿಹಾರ ಕೊಡಬೇಕಾದವರು ಯಾರೆಂಬ ಪ್ರಶ್ನೆಗೆ ಮಾತ್ರ ಆ ಭೇದ ಬೇಕು. ಬೇರೆ ನೀರು ಕೊಡುವುದಕ್ಕೆ ಆ ತೀರ್ಪಿನವರೆಗೆ ಕಾಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೋಲಾರದ ಚಿನ್ನದ ಗಣಿಯೂ ನಿಮಗೆ ಗೊತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿ, 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿ. ಅಲ್ಲಿ ಉಳಿದಿರುವ ಅರೆದ ಪುಡಿ ಮೂರು ಕೋಟಿ ಟನ್ನಿಗೂ ಹೆಚ್ಚು. ಊರಿನವರು ಸೈನೈಡ್ ಗುಡ್ಡ ಎಂದು ಕರೆಯುವ ಆ ದಿಬ್ಬಗಳಲ್ಲಿ ಸಿನಿಮಾ ಚಿತ್ರೀಕರಣ ನಡೆದಿದೆ. ಬೇಸಿಗೆಯ ಗಾಳಿ ಬೀಸಿದರೆ ಅದೇ ಪುಡಿ ಬಡಾವಣೆಗಳ ಮೇಲೆ ಹಾರಿ ಬರುತ್ತದೆ.

ಲೋಕದ ಅನುಭವ

ಗಣಿಯ ನೀರು ಕೆಟ್ಟದ್ದೆಂದು ಮೊದಲು ಹೇಳಿದವರು ಇಂದಿನ ಪರಿಸರವಾದಿಗಳಲ್ಲ. ಜರ್ಮನಿಯ ವೈದ್ಯ ಅಗ್ರಿಕೋಲಾ ಗಣಿಗಾರಿಕೆಯ ಪರವಾಗಿಯೇ ಬರೆದು 1556ರಲ್ಲಿ ಪ್ರಕಟವಾದ ದೊಡ್ಡ ಗ್ರಂಥದಲ್ಲಿ, ಅದಿರು ತೊಳೆದ ನೀರು ಹಳ್ಳಗಳನ್ನು ವಿಷ ಮಾಡಿ ಮೀನುಗಳನ್ನು ಕೊಲ್ಲುತ್ತದೆಂಬ ಜನರ ದೂರನ್ನು ಎತ್ತಿಕೊಂಡಿದ್ದಾನೆ. ಸುಮಾರು 470 ವರ್ಷಗಳಾದವು.

ಜಪಾನಿನ ಕಥೆ ಇನ್ನೂ ಕರುಣಾಜನಕ. ಟೊಯಾಮಾ ಪ್ರಾಂತದ ಜಿಂಜೂ ನದಿಯ ಮೇಲ್ಭಾಗದಲ್ಲಿ ಕಮಿಯೋಕಾ ಎಂಬ ಸತು, ಸೀಸದ ಗಣಿ ಇತ್ತು. ಅದರ ತ್ಯಾಜ್ಯದಲ್ಲಿದ್ದ ಕ್ಯಾಡ್ಮಿಯಂ ನದಿಗೆ, ನದಿಯಿಂದ ಗದ್ದೆಗೆ, ಗದ್ದೆಯಿಂದ ಅಕ್ಕಿಗೆ ಬಂತು. ಅನೇಕ ಮಕ್ಕಳನ್ನು ಹೆತ್ತ, ವಯಸ್ಸಾದ ಹೆಂಗಸರ ಮೂತ್ರಪಿಂಡ ಕೆಟ್ಟು, ಎಲುಬು ಮೆತ್ತಗಾಗಿ, ಕೆಮ್ಮಿದರೂ ಮುರಿಯುವ ಸ್ಥಿತಿ ಬಂತು. ನೋವು, ನೋವು ಎಂದು ಅವರು ಕೂಗುತ್ತಿದ್ದುದೇ ರೋಗದ ಹೆಸರಾಯಿತು: ಇತಾಯಿ ಇತಾಯಿ. ಹಗಿನೊ ಎಂಬ ಸ್ಥಳೀಯ ವೈದ್ಯರು ಗಣಿಯ ಕಡೆ ಬೆರಳು ತೋರಿಸಿದಾಗ ನಂಬಿದವರು ಕಡಿಮೆ. 1968ರಲ್ಲಿ ಸರ್ಕಾರ ಒಪ್ಪಿಕೊಂಡಿತು, 1971ರಲ್ಲಿ ಹಳ್ಳಿಯವರು ನ್ಯಾಯಾಲಯದಲ್ಲಿ ಗೆದ್ದರು. ಗದ್ದೆಗಳ ಮಣ್ಣನ್ನು ಬದಲಾಯಿಸುವ ಕೆಲಸ ಮುಗಿಯುವಾಗ 2012 ಬಂದಿತ್ತು. ಇಲ್ಲಿ ಗಮನಿಸಿ: ಮೊದಲು ಸತ್ಯ ಹೇಳಿದ್ದು ರೋಗಿಗಳನ್ನು ದಿನವೂ ನೋಡುತ್ತಿದ್ದ ಊರಿನ ವೈದ್ಯರು. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಈ ಹೆಸರನ್ನು ನೆನಪಿಟ್ಟುಕೊಳ್ಳಲಿ.

ಉಳಿದ ಲೋಹಗಳ ಬಗ್ಗೆ ಚುಟುಕಾಗಿ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿಸುತ್ತದೆ, ಇದಕ್ಕೆ ಇಷ್ಟರವರೆಗೆ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ. ಆರ್ಸೆನಿಕ್ ಹತ್ತಾರು ವರ್ಷ ಒಳಗೆ ಸೇರುತ್ತಿದ್ದರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ತರಬಲ್ಲದು. ಮ್ಯಾಂಗನೀಸ್ ಅತಿಯಾದರೆ ನರಗಳಿಗೆ ತೊಂದರೆ. ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿಗೆ ವಿಧಿಸಿರುವ ಮಿತಿ ಲೀಟರಿಗೆ ಆರ್ಸೆನಿಕ್ 0.01, ಸೀಸ 0.01, ಕ್ಯಾಡ್ಮಿಯಂ 0.003, ಪಾದರಸ 0.001 ಮಿಲಿಗ್ರಾಂ.

ನಮ್ಮ ನಾಲ್ಕು ತಾಲ್ಲೂಕುಗಳು

ಬಾಬಾಬುಡನ್‌ಗಿರಿಯ ತಪ್ಪಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಸೇರಿ ವೇದಾವತಿಯಾಗಿ ಹೊಸದುರ್ಗ ತಾಲ್ಲೂಕನ್ನು ಹಾದು ವಾಣಿ ವಿಲಾಸ ಸಾಗರಕ್ಕೆ ಬರುತ್ತಾಳೆ, ಅಲ್ಲಿಂದ ಹಿರಿಯೂರಿಗೆ. 1907ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳೇ ಈ ಸೀಮೆಯ ನೀರಿನ ಕಷ್ಟಕ್ಕೆ ಸಾಕ್ಷಿ. ಹೊಳೆ ಕೆರೆಗಳು ಕೈಕೊಟ್ಟಾಗ ಜನ ನೆಲದ ಕಡೆ ತಿರುಗಿದರು. ನಮ್ಮ ಅಜ್ಜಂದಿರ ಕಾಲದಲ್ಲಿ ಬಾವಿಯ ಆಳವನ್ನು ಮೊಳದಲ್ಲಿ ಅಳೆಯುತ್ತಿದ್ದರು. 1970ರ ದಶಕದ ಬರಗಾಲಗಳ ನಂತರ ಬೋರ್‌ವೆಲ್ ಲಾರಿಗಳು ಬಂದವು. ಇನ್ನೂರು ಅಡಿ, ನಾನೂರು ಅಡಿ, ಈಗ ಸಾವಿರ ಅಡಿಯ ಮಾತು. ಆಳಕ್ಕೆ ಇಳಿದಷ್ಟೂ ನೀರು ಕಲ್ಲಿನೊಡನೆ ಕಳೆದ ಕಾಲ ಹೆಚ್ಚು, ಕಲ್ಲಿನಿಂದ ಹೀರಿಕೊಂಡದ್ದೂ ಹೆಚ್ಚು.

ಅದರ ಮೊದಲ ಫಲ ಫ್ಲೋರೈಡ್. ಇದು ಲೋಹವಲ್ಲ, ಗಣಿಯಿಂದ ಬಂದದ್ದೂ ಅಲ್ಲ. 1937ರಲ್ಲೇ ನೆಲ್ಲೂರು ಸೀಮೆಯಲ್ಲಿ ಗುರುತಿಸಿದ್ದ ರೋಗ. ನಮ್ಮ ಜಿಲ್ಲೆಯ ಮಕ್ಕಳ ಹಲ್ಲಿನ ಕಂದು ಪಟ್ಟಿ, ಹಿರಿಯರ ಬಾಗಿದ ಬೆನ್ನು ಅದರ ಗುರುತು. ಇಷ್ಟು ಕಣ್ಣಿಗೆ ಕಾಣುವ ರೋಗವನ್ನೇ ವಯಸ್ಸಿನ ದೋಷವೆಂದು ಎಷ್ಟೋ ವರ್ಷ ಸಹಿಸಿಕೊಂಡ ನಾವು, ಕಣ್ಣಿಗೆ ಕಾಣದ್ದನ್ನು ಹೇಗೆ ಕಂಡೇವು? 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಸಾವುಗಳಾದಾಗ ಇಡೀ ರಾಜ್ಯ ತಿರುಗಿ ನೋಡಿತು, ನೋಡಬೇಕಾದ್ದೇ. ಒಂದೇ ದಿನದಲ್ಲಿ ಕೆಡವುವ ನೀರು ಸುದ್ದಿಯಾಗುತ್ತದೆ. ಹದಿನೈದು ವರ್ಷ ತೆಗೆದುಕೊಳ್ಳುವ ನೀರು ಆಸ್ಪತ್ರೆಯ ಚೀಟಿಗಳಲ್ಲಿ ಚದುರಿಹೋಗುತ್ತದೆ.

ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗದ ಕಡೆಯ ಕಬ್ಬಿಣದ ಗಣಿಗಳ ಬಗೆ ಬೇರೆ. ಕಬ್ಬಿಣದ ಅದಿರಿನಲ್ಲಿ ಗಂಧಕ ಕಡಿಮೆ, ಆದ್ದರಿಂದ ಆಮ್ಲದ ಭಯವೂ ಕಡಿಮೆ. ಅಲ್ಲಿನ ತೊಂದರೆ ಧೂಳು ಮತ್ತು ಕೆಂಪು ಹೂಳು. ಚೀನಾದ ಬೇಡಿಕೆ ಏರಿದ ದಿನಗಳಲ್ಲಿ ಲಾರಿಗಳ ಸಾಲು ಹಾದುಹೋದ ದಾರಿಯ ಅಡಿಕೆ ತೋಟಗಳು ಕೆಂಪಾದದ್ದನ್ನು ನೀವೇ ಕಂಡಿರಬಹುದು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ನಂತರ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನ ಮೇಲೆ ಷರತ್ತುಗಳೊಡನೆ ಮತ್ತೆ ಆರಂಭವಾಯಿತು. ಕೆಟ್ಟ ಪರಿಸರವನ್ನು ಸರಿಪಡಿಸಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ಇದು ಕಬ್ಬಿಣದ ಜಿಲ್ಲೆಗಳಿಗೆ ಬಂದ ನ್ಯಾಯ. ತಾಮ್ರದ ಹಳೆಯ ಗಣಿಗೆ ಯಾರೂ ಮೊಕದ್ದಮೆ ಹೂಡಲಿಲ್ಲ. ಗಣಿ ಮುಚ್ಚುವಾಗ ನೆಲ, ನೀರನ್ನು ಏನು ಮಾಡುತ್ತೀರಿ ಎಂದು ಮೊದಲೇ ಬರೆದುಕೊಡಬೇಕೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2003ರಲ್ಲಿ. ಅದಕ್ಕೆ ಮುಂಚೆ ಬಾಗಿಲು ಹಾಕಿದವರು ಬೀಗ ಹಾಕಿ ಹೋದರೆ ಸಾಕಾಗಿತ್ತು.

2015ರ ಕಾನೂನಿನಂತೆ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು. ಅದರ ಹಣದ ಬಹುಪಾಲನ್ನು ಆದ್ಯತೆಯ ಕೆಲಸಗಳಿಗೆ ಖರ್ಚು ಮಾಡಬೇಕು, ಆ ಆದ್ಯತೆಯ ಪಟ್ಟಿಯಲ್ಲಿ ಮೊದಲ ಹೆಸರೇ ಕುಡಿಯುವ ನೀರು. ನಿಮ್ಮ ಪಂಚಾಯಿತಿಯ ಗ್ರಾಮಸಭೆಯಲ್ಲಿ ಈ ಹಣದ ಬಗ್ಗೆ ಕೇಳಿದವರುಂಟೇ? ಸಮುದಾಯ ಭವನಕ್ಕೆ, ಕಾಂಕ್ರೀಟ್ ರಸ್ತೆಗೆ ಬೇಡಿಕೆ ಇಡುವ ನಮ್ಮ ಮುಖಂಡರು ನೀರಿನ ಪರೀಕ್ಷೆಗೆ ಬೇಡಿಕೆ ಇಟ್ಟದ್ದನ್ನು ನಾನಂತೂ ಕೇಳಿಲ್ಲ.

ಕೊನೆಯದಾಗಿ ವಿಜ್ಞಾನ ವಿದ್ಯಾರ್ಥಿಗಳಿಗೆ ಕೆಲವು ವ್ಯಾವಹಾರಿಕ ಮಾತುಗಳು. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ಆರ್.ಒ. ಯಂತ್ರ ಬಹುಪಾಲನ್ನು ತೆಗೆಯುತ್ತದೆ, ಆದರೆ ಪೊರೆ ಸಕಾಲಕ್ಕೆ ಬದಲಾಗಬೇಕು, ಮತ್ತು ತೆಗೆದ ಲೋಹವೆಲ್ಲ ಹಿಂಭಾಗದ ಪೈಪಿನಲ್ಲಿ ಹೊರಬರುತ್ತದೆ. ಆ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಒಮ್ಮೆ ನೋಡಿ. ಪಾತ್ರೆಯ ಮೇಲೆ ಕೆಂಪು ಕಲೆ ಕೂತರೆ ಕಬ್ಬಿಣ, ಕಪ್ಪು ಕಲೆ ಕೂತರೆ ಮ್ಯಾಂಗನೀಸ್ ಇರಬಹುದು. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ಯಾವ ಕಲೆಯನ್ನೂ ಬಿಡುವುದಿಲ್ಲ, ಪಂಚಾಯಿತಿಯ ಪೆಟ್ಟಿಗೆಯಲ್ಲಿರುವ ಸಾಮಾನ್ಯ ಪರೀಕ್ಷಾ ಕಿಟ್ಟಿಗೂ ಸಿಗುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು, ಮತ್ತು ಲೋಹಗಳ ಪರೀಕ್ಷೆ ಬೇಕೆಂದು ಅರ್ಜಿಯಲ್ಲಿ ಲೋಹಗಳ ಹೆಸರು ಹಿಡಿದು ಬರೆಯಬೇಕು. ಸುಮ್ಮನೆ ನೀರಿನ ಪರೀಕ್ಷೆ ಎಂದರೆ ಗಡಸುತನ, ಫ್ಲೋರೈಡ್, ನೈಟ್ರೇಟ್‌ಗಳ ವರದಿ ಕೊಟ್ಟು ಕಳಿಸುತ್ತಾರೆ.

ಮಾದರಿ ತೆಗೆಯುವುದಕ್ಕೂ ಕ್ರಮವಿದೆ. ಪಂಪು ಹಾಕಿ ಐದಾರು ನಿಮಿಷ ಹರಿಯಲು ಬಿಡಬೇಕು, ಪೈಪಿನಲ್ಲಿ ನಿಂತ ನೀರು ಹೋಗಲಿ. ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಬಾರಿ ತೊಳೆದು ತುಂಬಬೇಕು. ಲೋಹಗಳು ಬಾಟಲಿಯ ಗೋಡೆಗೆ ಅಂಟದಂತೆ ಪ್ರಯೋಗಾಲಯದವರು ಕೆಲವು ಹನಿ ನೈಟ್ರಿಕ್ ಆಮ್ಲ ಹಾಕುತ್ತಾರೆ. ಅದನ್ನು ಅವರಿಗೇ ಬಿಡಿ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೆಗೆದರೆ ಮಾತ್ರ ನೀರಿನ ನಿಜ ತಿಳಿಯುತ್ತದೆ. ಆರಂಭ ಮಾಡುವುದಾದರೆ ಹಳೆಯ ಗಣಿಯಿಂದ ಇಳಿಜಾರಿನ ಕಡೆಗಿರುವ ಬೋರ್‌ವೆಲ್‌ಗಳಿಂದ, ನಮ್ಮದೇ ಶಾಲೆ, ಹಾಸ್ಟೆಲ್, ಮಸೀದಿಗಳ ಬೋರ್‌ವೆಲ್‌ಗಳಿಂದ ಮಾಡಿ. ಬಾಟಲಿಯ ಮೇಲಿನ ಚೀಟಿಯಲ್ಲಿ ಊರಿನ ಹೆಸರು, ದಿನಾಂಕ, ಬೋರ್‌ವೆಲ್ ಕೊರೆದ ವರ್ಷ, ಅದರ ಆಳ, ದಿನಕ್ಕೆ ಎಷ್ಟು ಮನೆಯವರು ಅದರ ನೀರು ಕುಡಿಯುತ್ತಾರೆ ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ನೀರು ತಾಗಿದರೆ ಅಳಿಸಿಹೋಗುತ್ತದೆ.